ಗಂಡಸು ಬಟ್ಟೆ ಒಗೆದರೆ ಪರವಾಗಿಲ್ಲ, ಮಹಡಿ ಮೇಲೆ ಒಣಗಿಸಬಾರದಂತೆ. ಇದು ಯಾವ ಲೆಕ್ಕ?

ಜೆರಾಕ್ಸ್_ಕೋಲಾರ:

ಎಲ್ಲರಿಗೂ ನಮಸ್ಕಾರ. ನಮ್ಮದು ಮುಳಬಾಗಿಲು ತಾಲ್ಲೂಕಿನ ಹಳ್ಳಿ, ಈಗ ಇರುವುದು ಕೋಲಾರ ಟೌನಿನಲ್ಲಿ. ನನ್ನದು ಸಣ್ಣ ಜೆರಾಕ್ಸ್ ಅಂಗಡಿ. ಹೆಂಡತಿ ನರಸಾಪುರದ ಕಡೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಶಿಫ್ಟ್ ಕೆಲಸ. ಫಸ್ಟ್ ಶಿಫ್ಟ್ ಇದ್ದರೆ ಇನ್ನೂ ಕತ್ತಲಿರುವಾಗಲೇ ಕಂಪನಿ ಬಸ್ ಬಂದು ನಿಲ್ಲುತ್ತದೆ. ನಾನು ಅಂಗಡಿ ತೆಗೆಯುವುದು ಹತ್ತು ಗಂಟೆಗೆ, ಹಾಗಾಗಿ ಬೆಳಗಿನ ಕೆಲಸವೆಲ್ಲ ನನ್ನದೇ. ಮಗಳ ಸ್ನಾನ, ತಿಂಡಿ, ಪಾತ್ರೆ, ಬಟ್ಟೆ, ಎಲ್ಲ. ಜಡೆ ಹಾಕುವುದನ್ನು ಯೂಟ್ಯೂಬ್ ನೋಡಿ ಕಲಿತೆ. ಎರಡು ಜಡೆ ಹೆಣೆದು ರಿಬ್ಬನ್ ಮಡಚಿ ಕಟ್ಟುವುದರಲ್ಲಿ ಈಗ ಹೆಂಡತಿಗಿಂತ ನಾನೇ ವಾಸಿ, ಅವಳೇ ಒಪ್ಪಿಕೊಂಡಿದ್ದಾಳೆ.

ಅಮ್ಮ ನಮ್ಮ ಜೊತೆಗೇ ಇದ್ದಾರೆ. ಮಂಡಿನೋವು, ಕೂತು ಏಳುವ ಕೆಲಸ ಆಗುವುದಿಲ್ಲ. ನಾನು ಮುದ್ದೆ ಮಾಡಿದರೆ ಏನೂ ಅನ್ನುವುದಿಲ್ಲ, ಬಚ್ಚಲಲ್ಲಿ ಕೂತು ಸೀರೆ ಒಗೆದರೂ ಏನೂ ಅನ್ನುವುದಿಲ್ಲ. ಬಕೆಟ್ ಎತ್ತಿಕೊಂಡು ಮೆಟ್ಟಿಲು ಹತ್ತಿದೆನೋ, ಶುರು. "ಒಳಗೇ ಹಗ್ಗ ಕಟ್ಕೊಳೋ, ಮೇಲಕ್ಕೆ ಹೋಗ್ಬೇಡ. ಎದುರುಮನೆಯೋರು ನೋಡ್ತಾರೆ. ಗಂಡಸಾಗಿ ಹೆಂಗಸರ ಸೀರೆ ಲಂಗ ಒಣಗಾಕ್ತಾನೆ ಅಂತ ಆಡ್ಕೋತಾರೆ." ಒಳಗೆ ಒಣಗಿಸಿದರೆ ಮುಗ್ಗುಲು ವಾಸನೆ. ಅದು ಪರವಾಗಿಲ್ಲವಂತೆ.

ಇದನ್ನು ನಕ್ಕು ಬಿಟ್ಟುಬಿಡುತ್ತಿದ್ದೆ. ಆದರೆ ಮೊನ್ನೆ ಮಗಳ ಕ್ಲಾಸಿನಲ್ಲಿ "ನಿಮ್ಮನೇಲಿ ಅಡುಗೆ ಯಾರು ಮಾಡ್ತಾರೆ" ಅಂತ ಒಬ್ಬೊಬ್ಬರನ್ನೇ ಕೇಳಿದ್ದಾರೆ, ಇವಳು "ಅಪ್ಪ" ಅಂದಿದ್ದಾಳೆ, ಮಕ್ಕಳೆಲ್ಲ ಗೊಳ್ಳೆಂದು ನಕ್ಕಿದ್ದಾರೆ. ಮನೆಗೆ ಬಂದವಳು ಶೂ ಬಿಚ್ಚುತ್ತಾ ಕೇಳಿದಳು, "ಅಪ್ಪಾ, ಇನ್ಮೇಲೆ ಅಮ್ಮ ಅಂತ ಹೇಳ್ಲಾ?" ಯುಕೆಜಿ ಮಗು. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ ಅನ್ನುವುದು ಅವಳಿಗೆ ಆಗಲೇ ಗೊತ್ತಾಗಿಬಿಟ್ಟಿದೆ.

ಅಮ್ಮನನ್ನು ಹೇಗೆ ಒಪ್ಪಿಸಲಿ ಅಂತ ನಾನು ಕೇಳುತ್ತಿಲ್ಲ. ಕೆಲಸ ಮಾಡಿದರೆ ತೊಂದರೆ ಇಲ್ಲ, ನಾಲ್ಕು ಜನಕ್ಕೆ ಕಂಡರೆ ತೊಂದರೆ ಅನ್ನುವುದು ಎಲ್ಲಿಂದ ಬಂತು? ನಿಮ್ಮ ಮನೆಗಳಲ್ಲಿ ಹೇಗೆ?

ಮಾಲೂರು_ಹುಡುಗ:

ಅಣ್ಣ, ತಪ್ಪು ತಿಳಿಯಬೇಡಿ. ಕಷ್ಟಕಾಲದಲ್ಲಿ ಹೆಂಡತಿಗೆ ಸಹಾಯ ಮಾಡುವುದು ಒಳ್ಳೆಯದೇ, ನಮ್ಮಪ್ಪನೂ ಮಾಡುತ್ತಿದ್ದರು. ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ಗಂಡಿನ ಕೆಲಸ, ಹೆಣ್ಣಿನ ಕೆಲಸ ಅಂತ ಹಿರಿಯರು ಸುಮ್ನೆ ಮಾಡಿದ್ದಲ್ಲ. ಪ್ರಕೃತಿಯೇ ಹಾಗೆ ಮಾಡಿದೆ. ಗಂಡಸಿಗೆ ಮೈಬಲ, ರಾತ್ರಿ ಹೊತ್ತು ಓಡಾಡುವ ಧೈರ್ಯ. ಹೆಂಗಸಿಗೆ ತಾಳ್ಮೆ, ಮನೆ. ಮತ್ತೆ ಈಗ ಅಸಮಾನತೆ ಅನ್ನುವುದಾದರೂ ಎಲ್ಲಿದೆ ಹೇಳಿ. ಬಸ್ ಅವರಿಗೇ ಫ್ರೀ, ತಿಂಗಳಿಗೆ 2000 ಅವರ ಖಾತೆಗೇ. ನಮಗೆ ಏನು ಕೊಟ್ಟರು?

ಸೊಪ್ಪು_ಗೂಡು_ಶಿಡ್ಲಘಟ್ಟ:

ಮಾಲೂರಿನ ತಮ್ಮಾ, ನಮ್ಮದು ರೇಷ್ಮೆ ಮನೆ. ಒಂದು ಸಲ ಬಂದು ನೋಡಿ, ಆಮೇಲೆ ಪ್ರಕೃತಿ ವಿಚಾರ ಮಾತಾಡೋಣ.

ಹುಳ ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ) ಎದ್ದ ಮೇಲೆ ಒಂದು ವಾರ ತಿನ್ನುತ್ತದಲ್ಲ, ಅದು ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಖಾಲಿ. ಹುಳದ ಮನೆಯಲ್ಲಿ ಸಣ್ಣ ಮಳೆ ಹಿಡಿದ ಹಾಗೆ ಸದ್ದು ಬರುತ್ತಿರುತ್ತದೆ. ರಾತ್ರಿ ಎದ್ದು ಸೊಪ್ಪು ಹಾಕಬೇಕು. ಯಾರು ಏಳುತ್ತಾರೆ? ನಾನು, ನಮ್ಮತ್ತೆ. ಬ್ಯಾಟರಿ ಹಿಡಿದುಕೊಂಡು ಹಿತ್ತಲು ದಾಟಿ ಹೋಗಬೇಕು, ಹಾವು ಹಲ್ಲಿ ಎಲ್ಲ ಇರುತ್ತದೆ. ಹೆಂಗಸಿಗೆ ರಾತ್ರಿ ಧೈರ್ಯ ಇಲ್ಲ ಅಂತ ಅವತ್ತು ಯಾರೂ ಹೇಳುವುದಿಲ್ಲ. ನಿಮಗೆ ಗೊತ್ತಾ, 1948ರ ಕಾರ್ಖಾನೆ ಕಾಯ್ದೆಯಲ್ಲಿ ಹೆಂಗಸರನ್ನು ರಾತ್ರಿ 7ರಿಂದ ಬೆಳಗ್ಗೆ 6ರವರೆಗೆ ದುಡಿಸಬಾರದು ಅಂತಿತ್ತು. ನಮ್ಮ ರಾಜ್ಯದಲ್ಲಿ 2019ರಲ್ಲಿ ಷರತ್ತು ಹಾಕಿ ಅದನ್ನು ಸಡಿಲ ಮಾಡಿದರು. ಅಂದರೆ ಸಂಬಳ ಬರುವ ರಾತ್ರಿ ಕೆಲಸ ಹೆಂಗಸರಿಗೆ ಬೇಡ ಅಂತ ಅಷ್ಟು ವರ್ಷ ಕಾಪಾಡಿದರು, ಸಂಬಳ ಇಲ್ಲದ ರಾತ್ರಿ ಕೆಲಸವನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ.

ಮಡಿ ಮೈಲಿಗೆಯ ಕಥೆ ಕೇಳಿ. ಮುಟ್ಟಾದವರು ಹುಳದ ಮನೆಗೆ ಕಾಲಿಡಬಾರದು ಅಂತ ನಮ್ಮತ್ತೆಯ ಕಾಲದಲ್ಲಿ ಕಟ್ಟುನಿಟ್ಟು. ಆದರೆ ಹುಳ ಹಣ್ಣಾಗುವ ದಿನ, ಅಂದರೆ ಗೂಡು ಕಟ್ಟಲು ತಯಾರಾದ ದಿನ, ಒಂದೊಂದೇ ಆರಿಸಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟಿ) ಬಿಡಬೇಕು, ತಡ ಆದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ, ಆಳು ಸಿಗುವುದಿಲ್ಲ. ಅವತ್ತು ಮುಟ್ಟಿನ ಮಾತೇ ಯಾರೂ ಎತ್ತುತ್ತಿರಲಿಲ್ಲ. ಕೈ ಬೇಕಾಗಿತ್ತು ಅಷ್ಟೇ.

ಗೂಡು ಬಿಡಿಸಿ ಚೀಲಕ್ಕೆ ತುಂಬುವವರೆಗೂ ಹೆಂಗಸರ ಕೈ. ಆಮೇಲೆ ಚೀಲ ಗಾಡಿ ಹತ್ತುತ್ತದೆ, ಜೊತೆಗೆ ನಮ್ಮೆಜಮಾನರು. ಶಿಡ್ಲಘಟ್ಟ ಮಾರುಕಟ್ಟೆ ಒಳಗೆ ಹೋಗಿ ನೋಡಿ, ಲಾಟ್ ಮುಂದೆ ನಿಂತಿರುವುದೆಲ್ಲ ಗಂಡಸರೇ. ಹರಾಜು ಆಗಿ ದುಡ್ಡು ಅವರ ಖಾತೆಗೆ ಬೀಳುತ್ತದೆ. ಹುಳದ ಮನೆಯಲ್ಲಿ ನಾನು "ನಮ್ಮನೆಯೋಳು", ಮಾರ್ಕೆಟ್ಟಲ್ಲಿ ಅವರು "ರೈತರು". ಡೇರಿಯದೂ ಅದೇ ಕಥೆ. ಸೀಮೆಹಸುವಿಗೆ ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಒಬ್ಬರು. ಬಟವಾಡೆ ದಿನ ಸಹಿ ಹಾಕುವುದು ಇನ್ನೊಬ್ಬರು. ಮಹಿಳಾ ಡೇರಿ ಇರುವ ಊರುಗಳಲ್ಲಿ ಸ್ವಲ್ಪ ಬೇರೆ ಇದೆ, ಅಲ್ಲಿ ಪಾಸ್‌ಪುಸ್ತಕವಾದರೂ ಹೆಂಗಸರ ಹೆಸರಲ್ಲಿರುತ್ತದೆ.

ಜೆರಾಕ್ಸ್ ಅಣ್ಣನವರೇ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಬೀದಿಯಲ್ಲಿ ಇಸ್ತ್ರಿ ಗಾಡಿ ಇರುತ್ತದಲ್ವಾ? ಅವನು ನಡುಬೀದಿಯಲ್ಲಿ ನಿಂತು ಊರವರ ಸೀರೆ, ಬ್ಲೌಸ್ ಎಲ್ಲ ಉಜ್ಜುತ್ತಾನೆ. ಯಾರಾದರೂ ನಗುತ್ತಾರಾ? ಲೇಡೀಸ್ ಟೈಲರ್ ಅಂತ ಬೋರ್ಡ್ ಹಾಕಿಕೊಂಡು ಗಂಡಸರು ಹೊಲಿಯುತ್ತಾರೆ. ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುವುದು ಗಂಡಸರು. ಹೋಟೆಲಲ್ಲಿ ದೋಸೆ ಹಾಕುವವರೂ ಗಂಡಸರು. ಸೀರೆ ಮುಟ್ಟಿದರೆ, ಸೌಟು ಹಿಡಿದರೆ ಗಂಡಸ್ತನಕ್ಕೆ ಏನೂ ಆಗುವುದಿಲ್ಲ. ಕೂಲಿ ಬರದಿದ್ದರೆ ಮಾತ್ರ ಅದು ಹೆಂಗಸರ ಕೆಲಸ. ನೀವು ಬಿಟ್ಟಿ ಕೆಲಸ ಮಾಡುತ್ತಿದ್ದೀರಿ, ಅದೂ ಎಲ್ಲರ ಕಣ್ಣೆದುರಿಗೆ. ಅದಕ್ಕೇ ಎದುರುಮನೆಯವರಿಗೆ ಕಸಿವಿಸಿ. ಅವರ ಮನೆ ಗಂಡಸರನ್ನೂ ಯಾರಾದರೂ ಕೇಳಿಬಿಟ್ಟರೆ ಅಂತ.

ಕೂಲಿ ಕೊಡುವ ಕಡೆಯೂ ತಾರತಮ್ಯ ಇದೆ, ಅದನ್ನು ಬಿಡುವುದು ಬೇಡ. ನಮ್ಮೂರಲ್ಲಿ ಟೊಮೆಟೊ ಬಿಡಿಸುವ ಹೆಣ್ಣಾಳಿಗೂ ಕ್ರೇಟ್ ಎತ್ತುವ ಗಂಡಾಳಿಗೂ ಒಂದೇ ಕೂಲಿ ಇಲ್ಲ. ಇಡೀ ದಿನ ಬಗ್ಗಿ ಬಿಡಿಸುವುದು ಹಗುರದ ಕೆಲಸವಂತೆ. ಸಮಾನ ವೇತನದ ಕಾಯ್ದೆ ಬಂದಿದ್ದು 1976ರಲ್ಲಿ.

ಗುಬ್ಬಿಗೇಟ್_ತುಮಕೂರು:

ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ. ನಾನು ಟ್ರಾನ್ಸ್ ಹೆಣ್ಣುಮಗಳು. ಇಲ್ಲಿ ಈ ಮಾತಿಗೆ ಯಾರಾದರೂ ಕೆಟ್ಟದಾಗಿ ಬರೆದರೆ ಉತ್ತರ ಕೊಡುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ನಾಟಕದ ಹುಚ್ಚು ಜಾಸ್ತಿ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ, ಆ ಕಾಲದಲ್ಲಿ ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ನಮ್ಮೂರ ಜಾತ್ರೆಯಲ್ಲಿ ಪೌರಾಣಿಕ ನಾಟಕ ಆಡಿದರೆ ದ್ರೌಪದಿ ಪಾತ್ರ ನಮ್ಮ ಸೋದರಮಾವನದೇ. ಮೀಸೆ ಬೋಳಿಸಿ, ನೆರಿಗೆ ಇಟ್ಟು, ತೋಳಿಗೆ ವಂಕಿ ಕಟ್ಟಿಕೊಂಡು ಬಂದರೆ ಶಿಳ್ಳೆಯೋ ಶಿಳ್ಳೆ. ನೋಟಿನ ಹಾರ ಹಾಕುತ್ತಿದ್ದರು. ನಾಟಕ ಮುಗಿದ ಮೇಲೆ ಟ್ರಂಕಿನಿಂದ ಅದೇ ಸೀರೆ ತೆಗೆದು ನಾನು ಉಟ್ಟುಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಅದೇ ಮಾವ ನೋಡಿ ಬೆಲ್ಟ್ ಬಿಚ್ಚಿದರು. ಅವರು ಉಟ್ಟರೆ ಕಲೆ, ನಾನು ಉಟ್ಟರೆ ಮನೆತನಕ್ಕೆ ಕಳಂಕ. ಅವರದು ಪರದೆ ಬಿದ್ದ ಮೇಲೆ ಮುಗಿಯುತ್ತದೆ, ನನ್ನದು ಮುಗಿಯುವುದಿಲ್ಲ ಅಂತ ಅವರಿಗೆ ಗೊತ್ತಾಗಿತ್ತು ಅನಿಸುತ್ತದೆ.

ಸಮಾಜ ನಮ್ಮನ್ನು ಗಂಡು ಮಾಡುತ್ತದೆ, ಹೆಣ್ಣು ಮಾಡುತ್ತದೆ ಅಂತ ಓದಿದವರು ಹೇಳುತ್ತಾರೆ. ನನ್ನ ವಿಷಯದಲ್ಲಿ ಅರ್ಧ ಮಾತ್ರ ನಿಜ. ಮನೆಯವರು, ಮೇಷ್ಟರು, ಊರವರು ಎಲ್ಲ ಸೇರಿ ನೀನು ಗಂಡು ಅಂತ ಹೇಳಿದ್ದೇ ಹೇಳಿದ್ದು, ಹೊಡೆದೂ ಹೇಳಿದರು. ಆಗಲಿಲ್ಲ. ಒಳಗಿದ್ದದ್ದು ಹಾಗೇ ಇತ್ತು. ಆದರೆ ಹೆಣ್ಣು ಅಂದರೆ ಎಷ್ಟು ಜೋರಾಗಿ ನಗಬೇಕು, ಅಂಗಡಿಯಲ್ಲಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು, ಇದನ್ನೆಲ್ಲ ಮಾತ್ರ ಖಂಡಿತ ಸಮಾಜವೇ ಕಲಿಸಿತು. ನಾನು ಎರಡೂ ಕಡೆ ಇದ್ದು ನೋಡಿದವಳು. ಹುಡುಗನ ಪ್ಯಾಂಟು ಶರ್ಟಿನಲ್ಲಿ ಮೋಟರ್ ಅಂಗಡಿಗೆ ಹೋಗಿ ಎರಡು ಎಚ್‌ಪಿ ಪಂಪಿನ ರೇಟ್ ಕೇಳಿದರೆ ರೇಟ್ ಹೇಳುತ್ತಿದ್ದರು. ಚೂಡಿದಾರದಲ್ಲಿ ಹೋಗಿ ಕೇಳಿದರೆ "ಮನೇಲಿ ಗಂಡಸರು ಯಾರೂ ಇಲ್ವಾ?" ತಲೆ ಅದೇ, ಪಂಪೂ ಅದೇ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಹೇಳಿತು, ತಾನು ಯಾವ ಲಿಂಗ ಅನ್ನುವುದನ್ನು ಆ ವ್ಯಕ್ತಿಯೇ ಹೇಳಬೇಕು ಅಂತ. 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ನಮಗೆ ಶೇಕಡಾ 1 ಮೀಸಲಾತಿ ತಂದಿತು, ದೇಶದಲ್ಲೇ ಮೊದಲು. ಮಾಲೂರಿನವರೇ, 2023ರ ಜೂನ್ 11ರಿಂದ ಬಂದ ಫ್ರೀ ಬಸ್ ನಮಗೂ ಇದೆ. ಕಾಗದದಲ್ಲಿ ಎಲ್ಲ ಇದೆ. ತುಮಕೂರಲ್ಲಿ ಬಾಡಿಗೆ ಮನೆ ಹುಡುಕುವುದು ಮಾತ್ರ ಇವತ್ತಿಗೂ ನರಕ.

ಮಾಲೂರು_ಹುಡುಗ:

ಗುಬ್ಬಿಗೇಟ್ ಅಕ್ಕ, ನಾನು ಕೆಟ್ಟದಾಗಿ ಬರೆಯುವವನಲ್ಲ. ನಮ್ಮ ಕಡೆ ಕರಗ ಹೊರುವವರೂ ಗಂಡಸರೇ. ಬಳೆ ತೊಟ್ಟು, ಮಲ್ಲಿಗೆ ಮುಡಿದು, ಕೊರಳಲ್ಲಿ ತಾಳಿ ಹಾಕಿಕೊಂಡು ದ್ರೌಪದಮ್ಮನಾಗಿ ಬಂದರೆ ನಮ್ಮ ತಾತನಂಥವರು ಕಾಲಿಗೆ ಬೀಳುತ್ತಾರೆ. ಆದರೆ ಅದು ದೈವ, ಅದನ್ನು ಇದಕ್ಕೆ ಸೇರಿಸುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಆದರೂ ಮಾವ ಬೆಲ್ಟ್ ತೆಗೆದದ್ದು ತಪ್ಪು.

ಶಿಡ್ಲಘಟ್ಟದ ಅಕ್ಕ ಹೇಳಿದ್ದಕ್ಕೆ ನನ್ನದು ಒಂದು ಮಾತು. ಗಂಡಸಿನ ಕಷ್ಟ ಯಾರೂ ಬರೆಯುವುದಿಲ್ಲ. ಡಿಪ್ಲೊಮಾ ಮಾಡಿದ್ದೇನೆ, ಮೂರು ಎಕರೆ ಇದೆ, ಬೋರ್ ಇದೆ. ಹೆಣ್ಣು ನೋಡಲು ಹೋದರೆ ಮೊದಲ ಪ್ರಶ್ನೆ "ಬೆಂಗಳೂರಲ್ಲಿ ಕೆಲಸ ಇದೆಯಾ". ಸಂಬಳ ಇಲ್ಲದ ಗಂಡು ಗಂಡೇ ಅಲ್ಲ ಅನ್ನುವ ಹಾಗೆ ಮುಖ ಮಾಡುತ್ತಾರೆ. 2023ರಲ್ಲಿ ಮಂಡ್ಯದ ಕಡೆ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರಲ್ಲ, ಊರೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಸೊಪ್ಪು_ಗೂಡು_ಶಿಡ್ಲಘಟ್ಟ:

ನಗುವ ವಿಷಯ ಅಲ್ಲವೇ ಅಲ್ಲ ತಮ್ಮ. ದುಡಿದು ತರದಿದ್ದರೆ ಗಂಡಸಲ್ಲ ಅನ್ನುವುದೂ, ಸೀರೆ ಒಣಗಿಸಿದರೆ ಗಂಡಸಲ್ಲ ಅನ್ನುವುದೂ ಒಂದೇ ಬಾಯಿಂದ ಬರುವ ಮಾತು. ಆದರೆ ನಿಮ್ಮ ಮೂರು ಎಕರೆಗೆ ಹೆಣ್ಣು ಯಾಕೆ ಬರುವುದಿಲ್ಲ ಅಂತ ಹೆಣ್ಣಿನ ಕಡೆಯಿಂದ ಯೋಚನೆ ಮಾಡಿ. ನನ್ನ ಮಗಳನ್ನು ನಾನೇ ರೇಷ್ಮೆ ಮನೆಗೆ ಕೊಡುವುದಿಲ್ಲ. ರಾತ್ರಿ ಒಂದು ಗಂಟೆಗೆ ಸೊಪ್ಪು ಹಾಕಲು ಯಾರು ಏಳುತ್ತಾರೆ ಅಂತ ನನಗೆ ಗೊತ್ತಿದೆ. ಹೆಣ್ಣು ನೋಡಲು ಹೋದಾಗ "ನಾನೂ ಏಳುತ್ತೇನೆ, ಡೇರಿ ಪುಸ್ತಕ ಅವಳ ಹೆಸರಲ್ಲೇ ಇರುತ್ತದೆ" ಅಂತ ಹೇಳಿ ನೋಡಿ. ತಮಾಷೆ ಅಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಆ 2000 ರೂಪಾಯಿ ಬಗ್ಗೆ ಮಗಳು ಒಂದು ಲೆಕ್ಕ ತೋರಿಸಿದಳು. ಕೇಂದ್ರ ಸರ್ಕಾರದವರೇ ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆ ಅಂತ ದೇಶದ ತುಂಬ ಸರ್ವೆ ಮಾಡಿದ್ದಾರೆ. 2019ರಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರಂತೆ, ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಎಣಿಸಿದರು. ಹೆಂಗಸರದು 289, ಗಂಡಸರದು 88. ಇಬ್ಬರದೂ ಕಡಿಮೆಯಾಗಿದೆ, ನಡುವಿನ ಅಂತರ ಇದ್ದಲ್ಲೇ ಇದೆ. 2000ವನ್ನು ತಿಂಗಳ ಆ ನಿಮಿಷಗಳಿಗೆ ನೀವೇ ಭಾಗ ಮಾಡಿಕೊಳ್ಳಿ.

ಪತ್ರಬರಹ_ಚಿಂತಾಮಣಿ:

ಎಲ್ಲ ಓದಿದೆ. ನನ್ನ ಕೆಲಸ ದಸ್ತಾವೇಜು ಬರೆಯುವುದು. ಕೂಲಿ, ಅಡುಗೆ ಎಲ್ಲ ಸರಿ, ಜಮೀನಿನ ಮಾತು ಯಾರೂ ಎತ್ತಲಿಲ್ಲವಲ್ಲ.

ನಾನು ಜಾಸ್ತಿ ಬರೆಯುವ ಪತ್ರಗಳಲ್ಲಿ ಹಕ್ಕು ಖುಲಾಸೆಯೂ ಒಂದು. ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಪಾಲು ಬಿಟ್ಟುಕೊಡುವ ಪತ್ರ. ಬರುವ ದಿನ ಅಣ್ಣ ಕೊಡಿಸಿದ ಹೊಸ ಸೀರೆ ಉಟ್ಟಿರುತ್ತಾರೆ, ಮಡಿಕೆ ಕೂಡ ಬಿಟ್ಟಿರುವುದಿಲ್ಲ. ಅರಿಶಿನ ಕುಂಕುಮಕ್ಕೆ ಅಂತ ಏನೋ ಒಂದಷ್ಟು ಕೊಟ್ಟಿರುತ್ತಾರೆ. ಓದಿ ಹೇಳಲು ಹೋದರೆ "ಬೇಡ ಬಿಡಿ ಸಾರ್, ಎಲ್ಲಿ ಸಹಿ ಹಾಕ್ಬೇಕು ತೋರ್ಸಿ" ಅನ್ನುತ್ತಾರೆ. ಒಬ್ಬರನ್ನು ಪಕ್ಕಕ್ಕೆ ಕರೆದು ಕೇಳಿದ್ದೆ, ನಿಮಗೆ ಹಕ್ಕಿದೆ ಗೊತ್ತಾ ಅಂತ. "ಗೊತ್ತು ಸಾರ್. ಆದ್ರೆ ತವರಿಗೆ ಹಬ್ಬಕ್ಕೆ ಹೋಗ್ಬೇಕಲ್ವಾ" ಅಂದರು. ಯಾರೂ ಬಲವಂತ ಮಾಡಿರುವುದಿಲ್ಲ. ಮಾಡಬೇಕಾಗಿಯೂ ಇಲ್ಲ. ಪಾಲು ಕೇಳಿದವಳನ್ನು ಊರು ಏನನ್ನುತ್ತದೆ ಅಂತ ಹತ್ತು ವರ್ಷದ ಹುಡುಗಿಗೂ ಗೊತ್ತಿರುತ್ತದೆ.

ಕಾನೂನು ಹೀಗಿದೆ. ತಂದೆಯ ಸ್ವಯಾರ್ಜಿತ ಆಸ್ತಿ, ವಿಲ್ ಬರೆದಿಲ್ಲ ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳಿಗೂ ಮಗನಿಗೂ ಸಮಪಾಲು. ಪಿತ್ರಾರ್ಜಿತಕ್ಕೆ ನಮ್ಮ ರಾಜ್ಯದಲ್ಲಿ 1994ರಲ್ಲೇ ತಿದ್ದುಪಡಿ ಬಂತು, ಆದರೆ ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟರು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ, ಎಲ್ಲ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು. ಆ ದಿನ ತಂದೆ ಬದುಕಿರಲೇಬೇಕಾ ಅನ್ನುವ ಗೊಂದಲ ಇತ್ತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬೇಕಾಗಿಲ್ಲ ಅಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಆಗಿಹೋದ ಭಾಗಗಳನ್ನು ಮಾತ್ರ ಮುಟ್ಟುವುದಿಲ್ಲ.

ಜೆರಾಕ್ಸ್ ಅವರೇ, ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಳ್ಳಿಯಲ್ಲಿ ಜಮೀನು ಇದೆಯಾ? ಅಕ್ಕತಂಗಿ ಇದ್ದಾರಾ? ಹೆಂಡತಿಯ ಸೀರೆ ಒಗೆಯುವುದಕ್ಕಿಂತ ಅಕ್ಕನ ಹೆಸರು ಪಹಣಿಯಲ್ಲಿ ಉಳಿಸುವುದು ಗಂಡಸರಿಗೆ ಜಾಸ್ತಿ ಕಷ್ಟ. ನಾನು ನೋಡಿರುವ ಮಟ್ಟಿಗೆ ಹೇಳುತ್ತಿದ್ದೇನೆ.

ಜೆರಾಕ್ಸ್_ಕೋಲಾರ:

ಬೇಜಾರೇನಿಲ್ಲ ಸಾರ್. ಎರಡು ಎಕರೆ ಇದೆ, ತಾತನ ಕಾಲದ್ದು. ಅಪ್ಪ ತೀರಿಕೊಂಡಿದ್ದಾರೆ, ಇನ್ನೂ ಅವರ ಹೆಸರಲ್ಲೇ ಇದೆ. ಒಬ್ಬಳು ಅಕ್ಕ, ಬಂಗಾರಪೇಟೆಗೆ ಕೊಟ್ಟಿದೆ. ಖುಲಾಸೆ ಮಾಡಿಸಿಕೋ ಅಂತ ಅಮ್ಮ ಆಗಾಗ ಹೇಳುತ್ತಾರೆ, ಅಕ್ಕನೂ ಯಾವಾಗ ಬರಬೇಕು ಹೇಳು ಅಂದಿದ್ದಾಳೆ. ಅವಳನ್ನು ಸೇರಿಸಿಯೇ ಖಾತೆ ಮಾಡಿಸಬೇಕಾದರೆ ಏನೇನು ಬೇಕು?

ಪತ್ರಬರಹ_ಚಿಂತಾಮಣಿ:

ಸುಲಭ ಇದೆ. ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಮೂವರ ಆಧಾರ್. ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಡದ ಹಾಗೆ ನೋಡಿಕೊಳ್ಳಿ, ಮೋಸ ಆಗುವುದೇ ಅಲ್ಲಿ. ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ಅರ್ಜಿ ಹಾಕಿ, ತಾಯಿ, ಅಕ್ಕ, ನೀವು ಮೂವರ ಹೆಸರಿಗೂ ಜಂಟಿಯಾಗಿ ಬರುತ್ತದೆ. ಮುಂದೆ ಬೇರೆ ಬೇರೆ ಮಾಡಿಕೊಳ್ಳಬೇಕು ಅನಿಸಿದರೆ ಸರ್ವೆಯವರಿಂದ 11ಇ ಸ್ಕೆಚ್ (ಯಾರ ಭಾಗ ಎಲ್ಲಿ ಅಂತ ಅಳೆದು ತೋರಿಸುವ ನಕ್ಷೆ) ಮಾಡಿಸಿ ವಿಭಾಗ ಪತ್ರ ರಿಜಿಸ್ಟರ್ ಮಾಡಿಸಬಹುದು. ಯಾವ ಹೋಬಳಿ ನಿಮ್ಮದು?

ಜೆರಾಕ್ಸ್_ಕೋಲಾರ:

ಆವಣಿ ಹೋಬಳಿ. ಈಗಷ್ಟೇ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳು ಕೇಳಿದ ಮೊದಲ ಮಾತು, "ಅಮ್ಮ ಏನಂದ್ರು?" ಅಮ್ಮನಿಗೆ ಇನ್ನೂ ಹೇಳಿಲ್ಲ.